ಪ್ರೌಢಶಾಲೆಯ ಇತಿಹಾಸ ಬೋಧನೆ ಮತ್ತು ಬಸದಿಯ ಶಿಲಾಶಾಸನಗಳು



ಬಿಂಬಪ್ರತಿಷ್ಠೆಯ ಈ ಮಂಗಳ ಸಂದರ್ಭದಲ್ಲಿ ಮಕ್ಕಳ ವಿದ್ಯಾಭ್ಯಾಸದ ವಿಚಾರವನ್ನೆತ್ತುವುದು ಅಪ್ರಸ್ತುತವೆಂದು ಯಾರೂ ಭಾವಿಸಬೇಕಾಗಿಲ್ಲ. ಆಹಾರ, ಅಭಯ, ಭೈಷಜ್ಯಗಳೊಡನೆ ಶಾಸ್ತ್ರದಾನವನ್ನೂ ಸೇರಿಸಿ ಚತುರ್ವಿಧ ದಾನವೆಂದು ಎಣಿಸಿದ ಪರಂಪರೆ ಇದು. ಬಸದಿಯೆಂದರೆ ಪೂಜಾಸ್ಥಾನವಾಗಿರುವಂತೆಯೇ ಶಾಸ್ತ್ರಸ್ವಾಧ್ಯಾಯದ ಸ್ಥಾನವೂ ಆಗಿತ್ತೆಂಬುದು ವಿದಿತವೇ ಇದೆ. ಅಂತಹ ಬಸದಿಯ ಅಂಗಳವು ಇಂದಿನ ಪ್ರೌಢಶಾಲೆಯ ಇತಿಹಾಸ ಬೋಧನೆಗೆ ಯಾವ ರೀತಿಯಲ್ಲಿ ನೆರವಾಗಬಲ್ಲುದು, ಆ ನೆರವು ಮುಂದಿನ ತಲೆಮಾರಿಗೂ ಉಳಿಯಬೇಕಾದರೆ ಸಮಾಜವು ಮಾಡಬೇಕಾದುದೇನು ಎಂಬ ಎರಡು ಪ್ರಶ್ನೆಗಳು ಇಲ್ಲಿಯ ವಿಚಾರದ ವಸ್ತು.

ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಇತಿಹಾಸವೆಂದರೆ ಬೇಸರವೆಂಬ ದೂರು ಹಳೆಯದು. ಇಸವಿಗಳು, ಯುದ್ಧಗಳು, ರಾಜರ ವಂಶಾವಳಿಗಳು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ, ಮರುದಿನ ಮರೆವು. ಈ ಬೇಸರವನ್ನು ಕಳೆಯಲು ಉತ್ಸಾಹಿ ಅಧ್ಯಾಪಕರು ಭೂಪಟ, ಚಿತ್ರಪಟ, ಚಲನಚಿತ್ರ, ಈಚೆಗೆ ಮೊಬೈಲ್ ಫೋನಿನ ದೃಶ್ಯಗಳು ಮೊದಲಾದವನ್ನು ಹುಡುಕಿ ತರುತ್ತಾರೆ. ಅವೆಲ್ಲ ಉಪಯುಕ್ತವೇ ಸರಿ. ಆದರೆ ಬೇಸರದ ಮೂಲವು ಚಿತ್ರಗಳ ಅಭಾವದಲ್ಲಿಲ್ಲ. ಪಠ್ಯಪುಸ್ತಕವು ಮಗುವಿಗೆ ತೀರ್ಪನ್ನು ಮಾತ್ರ ಓದಿ ಹೇಳುತ್ತದೆ, ಸಾಕ್ಷಿಯನ್ನು ಕರೆಸುವುದಿಲ್ಲ. ಸಾಕ್ಷಿಯನ್ನು ಕಾಣದೆ ತೀರ್ಪನ್ನು ನಂಬಬೇಕಾದವನಿಗೆ ಆ ವ್ಯಾಜ್ಯದಲ್ಲಿ ಆಸಕ್ತಿ ಹುಟ್ಟುವುದಾದರೂ ಹೇಗೆ? ಮಗುವನ್ನು ಸಾಕ್ಷಿಯ ಮುಂದೆ ನಿಲ್ಲಿಸುವುದೇ ಇತಿಹಾಸ ಬೋಧನೆಯ ಅತ್ಯುತ್ತಮ ಸಾಧನ. ಕನ್ನಡ ನಾಡಿನಲ್ಲಿ ಈ ಸಾಕ್ಷಿಗಳು ದೂರದ ವಸ್ತುಸಂಗ್ರಹಾಲಯಗಳಲ್ಲಷ್ಟೇ ಇಲ್ಲ. ಕೆರೆಯ ಏರಿಯ ಮೇಲೆ, ದೇಗುಲದ ಮಗ್ಗುಲಲ್ಲಿ, ಬಸದಿಯ ಅಂಗಳದಲ್ಲಿ ನಿಂತಿವೆ.

ಒಂದು ಉದಾಹರಣೆಯನ್ನು ನೋಡಬಹುದು. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಹಿಮ್ಮೆಟ್ಟಿಸಿದನೆಂಬುದು ಪಠ್ಯಪುಸ್ತಕದಲ್ಲಿ ಒಂದು ವಾಕ್ಯ. ಆ ವಾಕ್ಯದ ಹಿಂದೆ ಐಹೊಳೆಯ ಗುಡ್ಡದ ಮೇಲಿನ ಮೇಗುಟಿ ಜಿನಾಲಯವಿದೆ. ಅದನ್ನು ಕಟ್ಟಿಸಿದ ರವಿಕೀರ್ತಿಯು ಅದರ ಗೋಡೆಯ ಮೇಲೆ ಸಂಸ್ಕೃತ ಕಾವ್ಯವೊಂದನ್ನು ಕೊರೆಸಿದ್ದಾನೆ. ಅದರಲ್ಲಿ ಕಾಲವನ್ನು ಎರಡು ಬಗೆಯಾಗಿ ಹೇಳಿದೆ: ಭಾರತ ಯುದ್ಧದಿಂದ ೩೭೩೫ ವರ್ಷಗಳು, ಶಕರಾಜರ ಕಾಲದಿಂದ ೫೫೬ ವರ್ಷಗಳು. ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತಶಕ ೬೩೪ ದೊರೆಯುತ್ತದೆ. ಈ ಲೆಕ್ಕವನ್ನು ಎಂಟನೆಯ ತರಗತಿಯ ವಿದ್ಯಾರ್ಥಿ ತಾನೇ ಮಾಡಬಲ್ಲ. ತಾನೇ ಕಂಡುಹಿಡಿದ ಇಸವಿಯನ್ನು ಅವನು ಮರೆಯುವುದಿಲ್ಲ. ಅದೇ ಶಾಸನದಲ್ಲಿ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಹಾಗಾದರೆ ಆ ಇಬ್ಬರು ಕವಿಗಳು ೬೩೪ಕ್ಕಿಂತ ಮೊದಲೇ ಪ್ರಸಿದ್ಧರಾಗಿದ್ದರೆಂದು ಸಿದ್ಧವಾಯಿತಲ್ಲವೇ? ಕಾಳಿದಾಸನ ಕಾಲವನ್ನು ಕುರಿತ ದೊಡ್ಡ ವಿದ್ವಾಂಸರ ಚರ್ಚೆಯಲ್ಲಿಯೂ ಈ ಒಂದು ಬಸದಿಯ ಗೋಡೆ ಗಟ್ಟಿಯಾದ ಗಡಿಗಲ್ಲಾಗಿ ನಿಂತಿದೆ.

ಇಷ್ಟಕ್ಕೇ ನಿಲ್ಲಬೇಕಾಗಿಲ್ಲ. ರವಿಕೀರ್ತಿಯು ಪುಲಕೇಶಿಯ ಕೃಪೆಗೆ ಪಾತ್ರನಾದವನು. ತನ್ನ ಒಡೆಯನನ್ನು ಹೊಗಳಿದ ಮಾತನ್ನೆಲ್ಲ ನಂಬಬಹುದೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ, ಕೇಳಬೇಕು. ಆಗ ಅಧ್ಯಾಪಕರು ಅದೇ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಬರಹವನ್ನು ಮುಂದಿಡಬಹುದು. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಆ ಯಾತ್ರಿಕನೂ ಪುಲಕೇಶಿಯ ನಾಡಿನವರು ಹರ್ಷನಿಗೆ ಮಣಿಯಲಿಲ್ಲವೆಂದೇ ಬರೆದಿದ್ದಾನೆ. ಎರಡು ಕಡೆಯ ಸಾಕ್ಷಿಗಳು ಒಂದೇ ಮಾತನ್ನಾಡಿದಾಗ ಅದಕ್ಕೆ ಬರುವ ತೂಕವೇ ಬೇರೆ. ಈ ಒಂದು ಪಾಠದಲ್ಲಿ ವಿದ್ಯಾರ್ಥಿ ಕಲಿತದ್ದು ಪುಲಕೇಶಿಯ ಗೆಲವನ್ನು ಮಾತ್ರವಲ್ಲ. ಒಂದು ಮಾತು ಯಾವಾಗ ನಂಬಲರ್ಹವಾಗುತ್ತದೆಂಬುದನ್ನು.

ಶ್ರವಣಬೆಳಗೊಳವನ್ನಂತೂ ತೆರೆದ ಗ್ರಂಥಭಂಡಾರವೆಂದೇ ಹೇಳಬೇಕು. ಬಿ. ಎಲ್. ರೈಸರು ೧೮೮೯ರಲ್ಲಿ ಅಲ್ಲಿಯ ಶಾಸನಗಳ ಸಂಪುಟವನ್ನು ಪ್ರಕಟಿಸಿದಾಗ ಅದರಲ್ಲಿದ್ದುವು ೧೪೪ ಶಾಸನಗಳು. ಆರ್. ನರಸಿಂಹಾಚಾರ್ಯರ ೧೯೨೩ರ ಪರಿಷ್ಕೃತ ಆವೃತ್ತಿಯಲ್ಲಿ ಅವು ೫೦೦ ಆದುವು. ಮೈಸೂರು ವಿಶ್ವವಿದ್ಯಾನಿಲಯದ ೧೯೭೩ರ ಆವೃತ್ತಿಯಲ್ಲಿ ೫೭೩. ಬೆಟ್ಟ ಬೆಳೆಯಲಿಲ್ಲ, ನೋಡುವ ಕಣ್ಣು ಬೆಳೆಯಿತು. ಇತಿಹಾಸವು ಎಂದೋ ಮುಗಿದುಹೋದ ವಿಷಯವೆಂಬ ತಪ್ಪು ತಿಳಿವಳಿಕೆಯನ್ನು ಮಕ್ಕಳಿಂದ ದೂರಮಾಡಲು ಈ ಮೂರು ಸಂಖ್ಯೆಗಳೇ ಸಾಕು. ಗೊಮ್ಮಟೇಶ್ವರನ ಪಾದದ ಬಳಿಯಲ್ಲಿ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಚಿಕ್ಕ ಬರಹವು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ನಾಗರಲಿಪಿಯಲ್ಲಿ ಮರಾಠಿಯ ರೂಪದಲ್ಲಿಯೂ ಇದೆ. ಸುತ್ತಾಲಯವನ್ನು ಗಂಗರಾಜನು ಮಾಡಿಸಿದನೆಂಬ ಬರಹವೂ ಅಲ್ಲಿಯೇ ಇದೆ. ಒಂದೇ ಮಾತನ್ನು ಬೇರೆ ಬೇರೆ ಭಾಷೆಗಳಲ್ಲಿ ಏಕೆ ಬರೆಸಿದರು? ಯಾವ ಯಾವ ನಾಡಿನ ಯಾತ್ರಿಕರು ಆ ಬೆಟ್ಟವನ್ನು ಏರಿ ಬರುತ್ತಿದ್ದಿರಬೇಕು? ಈ ಪ್ರಶ್ನೆಯೊಂದನ್ನು ಮಕ್ಕಳ ಮುಂದಿಟ್ಟು ಅಧ್ಯಾಪಕರು ಸುಮ್ಮನಿದ್ದರೂ ಒಂದು ಗಂಟೆಯ ಪಾಠ ತಾನಾಗಿಯೇ ನಡೆಯುತ್ತದೆ.

ಶಾಸನಗಳಲ್ಲಿ ರಾಜರ ಹೊಗಳಿಕೆಯೇ ತುಂಬಿದೆಯೆಂಬ ಆಕ್ಷೇಪವುಂಟು. ಅದು ಪೂರ್ಣ ಸತ್ಯವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕ್ರಿಸ್ತಶಕ ೯೪೯ರ ಸುಮಾರಿನದು; ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೂತುಗನ ಸೇವಕನಾದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಆ ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟ ಸಂಗತಿ ಅದರಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮಹತ್ವದ ವಿಷಯವೂ ಅದೇ ಕಲ್ಲಿನಲ್ಲಿಯೇ ಇದೆ. ನಾಯಿಯ ಕಥೆಯನ್ನು ಕೇಳಿದ ಮಗುವು ತಕ್ಕೋಲದ ಯುದ್ಧವನ್ನೂ ನೆನಪಿನಲ್ಲಿಟ್ಟುಕೊಳ್ಳುತ್ತದೆ.

ಸ್ತ್ರೀಯರ ಚರಿತ್ರೆಗಂತೂ ಬಸದಿಯ ಶಾಸನಗಳು ಅಮೂಲ್ಯ ಆಕರಗಳು. ಹೊಯ್ಸಳ ರಾಣಿ ಶಾಂತಲದೇವಿಯು ೧೧೨೩ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ೧೧೩೧ರಲ್ಲಿ ಅವಳು ಶಿವಗಂಗೆಯಲ್ಲಿ ಕಾಲವಾದಳು. ಮಗಳ ಮರಣಾನಂತರ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಸನ್ಯಸನ ವಿಧಿಯಲ್ಲಿ ದೇಹವನ್ನು ಬಿಟ್ಟಳೆಂದು ಶಾಸನವು ತಿಳಿಸುತ್ತದೆ. ತಂದೆ ಶೈವ, ತಾಯಿ ಜೈನೆ, ಪತಿ ವಿಷ್ಣುವರ್ಧನನು ವಿಷ್ಣುಭಕ್ತ. ಒಂದೇ ಮನೆಯೊಳಗಿನ ಈ ಸಹಬಾಳುವೆಯನ್ನು ಪಠ್ಯಪುಸ್ತಕದ ಯಾವ ವಿವರಣೆ ಇಷ್ಟು ಸಮೀಪದಿಂದ ತೋರಿಸಬಲ್ಲುದು? ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಓಲೆಗರಿ, ಎಷ್ಟು ಲಿಪಿಕಾರರು, ಎಷ್ಟು ದಿನಗಳ ದುಡಿಮೆ? ಒಂದು ಪುಟವನ್ನು ಕೈಯಲ್ಲಿ ನಕಲುಮಾಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ವಿದ್ಯಾರ್ಥಿಗಳೇ ಬರೆದು ನೋಡಿ ಲೆಕ್ಕಹಾಕಲಿ. ಆಗ ಅತ್ತಿಮಬ್ಬೆಯ ಔದಾರ್ಯದ ಅಳತೆ ಅವರ ಬೆರಳುಗಳಿಗೇ ತಿಳಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕಾದುದು ವಿಜಯನಗರದ ಬುಕ್ಕರಾಯನ ೧೩೬೮ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿದರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನುಡಿದನು. ಜೈನರಿಗೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕವು. ಜೈನದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವ ದರ್ಶನಕ್ಕೇ ಆದ ಹಾನಿಯೆಂದು ಬಗೆಯತಕ್ಕುದು. ರಾಜ್ಯದ ಜೈನರ ಮನೆಗಳಿಂದ ವರ್ಷಕ್ಕೆ ಮನೆಯೊಂದಕ್ಕೆ ಒಂದು ಹಣದಂತೆ ಸೇರಿದ ಮೊತ್ತದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ಶ್ರೀವೈಷ್ಣವರು ನೇಮಿಸತಕ್ಕುದು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸತಕ್ಕುದು. ಈ ಶಾಸನವು ಶ್ರವಣಬೆಳಗೊಳದಲ್ಲಿದೆ; ಇದೇ ನಿರ್ಣಯದ ಶಾಸನವು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ.

ಇದನ್ನು ಬೋಧಿಸಲು ತರಗತಿಯನ್ನೇ ಸಭೆಯನ್ನಾಗಿ ಮಾಡಬಹುದು. ಕೆಲವು ಮಕ್ಕಳು ಜೈನರ ಪರವಾಗಿ, ಕೆಲವರು ಶ್ರೀವೈಷ್ಣವರ ಪರವಾಗಿ ಮಾತನಾಡಲಿ. ಒಬ್ಬನು ಅರಸನಾಗಿ ತೀರ್ಪು ಕೊಡಲಿ. ಆಮೇಲೆ ನಿಜವಾದ ಶಾಸನವನ್ನು ಓದಲಿ. ಅಧ್ಯಾಪಕರು ಇಲ್ಲಿ ಸರ್ವಧರ್ಮ ಸಮನ್ವಯವೆಂಬ ಒಂದು ಮಾತಿನಿಂದ ಪಾಠವನ್ನು ಮುಗಿಸಿಬಿಡಬಾರದು. ಕಠಿನ ಪ್ರಶ್ನೆಗಳನ್ನೂ ಕೇಳಬೇಕು. ವಾದ್ಯ ಕಲಶಗಳಂತಹ ಗೌರವಚಿಹ್ನೆಗಳಿಗಾಗಿ ಜನ ಏಕೆ ಅಷ್ಟು ಹೋರಾಡಿದರು? ರಕ್ಷಣೆಯ ಹೊಣೆ ಶ್ರೀವೈಷ್ಣವರದಾದಾಗ ಅದರ ವೆಚ್ಚವನ್ನು ಜೈನರೇ ಏಕೆ ಕೊಡಬೇಕಾಯಿತು? ಇದು ಸಮಾನತೆಯೋ, ಬಲಿಷ್ಠರ ಆಶ್ರಯವೋ, ಅಥವಾ ಎರಡೂ ಬೆರೆತ ವಿವೇಕದ ರಾಜಿಯೋ? ಒಂದು ವಸ್ತುವನ್ನು ಹಲವು ನೆಲೆಗಳಿಂದ ನೋಡಬೇಕೆಂಬ ಅನೇಕಾಂತದ ದೃಷ್ಟಿ ಇತಿಹಾಸದ ತರಗತಿಗೆ ಎಷ್ಟು ಹೊಂದುತ್ತದೆಂಬುದು ಇಂತಹ ಪಾಠದಲ್ಲಿ ಪ್ರತ್ಯಕ್ಷವಾಗುತ್ತದೆ.

ಪರರ ಮಾತನ್ನು ಪರೀಕ್ಷಿಸುವುದು ಸುಲಭ. ತನಗೆ ಪ್ರಿಯವಾದ ಮಾತನ್ನು ಪರೀಕ್ಷಿಸುವುದು ಕಷ್ಟ. ಭದ್ರಬಾಹು ಸ್ವಾಮಿಗಳೂ ಮೌರ್ಯ ಚಂದ್ರಗುಪ್ತನೂ ಕಟವಪ್ರಕ್ಕೆ ಬಂದರೆಂಬ ಪರಂಪರೆ ಸಮಾಜಕ್ಕೆ ಪರಮಪ್ರಿಯವಾದುದು. ಚಂದ್ರಗಿರಿಯ ಮೇಲಿನ ಸುಮಾರು ಕ್ರಿಸ್ತಶಕ ೬೦೦ರ ಶಾಸನದಲ್ಲಿ ಉಜ್ಜಯಿನಿಯಲ್ಲಿ ಭದ್ರಬಾಹುಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದು, ಸಂಘವು ದಕ್ಷಿಣಕ್ಕೆ ಬಂದುದು, ಪ್ರಭಾಚಂದ್ರರೆಂಬ ಆಚಾರ್ಯರು ಕಟವಪ್ರದಲ್ಲಿ ಸಮಾಧಿಯನ್ನು ಪಡೆದುದು ಹೇಳಿದೆ. ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಮುಂದೆ ಸುಮಾರು ೬೫೦ರ ಇನ್ನೊಂದು ಶಾಸನದಲ್ಲಿ ಭದ್ರಬಾಹು, ಚಂದ್ರಗುಪ್ತ ಮುನಿಗಳ ಹೆಸರುಗಳು ಜೊತೆಯಾಗಿ ಬರುತ್ತವೆ. ಮೌರ್ಯ ಚಂದ್ರಗುಪ್ತನ ಕಾಲಕ್ಕೂ ಈ ಬರಹಗಳಿಗೂ ನಡುವೆ ಸುಮಾರು ಒಂಬತ್ತು ಶತಮಾನಗಳ ಅಂತರವಿದೆ. ಆದುದರಿಂದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಇದನ್ನು ವಿದ್ಯಾರ್ಥಿಗಳಿಗೆ ಮುಚ್ಚಿಡುವುದು ಭಕ್ತಿಯಲ್ಲ. ಶಾಸನವು ಹೇಳುವುದು ಇಷ್ಟು, ಪರಂಪರೆಯು ನಂಬಿಕೊಂಡು ಬಂದುದು ಇಷ್ಟು, ಇವೆರಡರ ನಡುವಣ ಅಂತರ ಇಷ್ಟು ಎಂದು ಬಿಡಿಸಿ ಹೇಳಿದರೆ ಬೆಟ್ಟದ ಪಾವಿತ್ರ್ಯಕ್ಕೆ ಕುಂದಿಲ್ಲ. ಸತ್ಯವನ್ನು ಅಣುವ್ರತಗಳಲ್ಲಿ ಎಣಿಸಿದ ಸಮಾಜದ ಮಕ್ಕಳು ತಮ್ಮ ಹೆಮ್ಮೆಯ ವಿಷಯದಲ್ಲಿಯೇ ಸತ್ಯವನ್ನು ಅಳೆದು ಹೇಳಲು ಕಲಿತರೆ, ಉಳಿದ ಕಡೆಗಳಲ್ಲಿ ಅವರು ತಪ್ಪಲಾರರು.

ಇನ್ನು ಕಾರ್ಯವಿಧಾನದ ಮಾತು. ಹಳಗನ್ನಡದ ಲಿಪಿಯನ್ನು ಓದಲು ಬಾರದೆಂದು ಅಧ್ಯಾಪಕರು ಹಿಂಜರಿಯಬೇಕಾಗಿಲ್ಲ. ನೂರಾರು ಊರುಗಳ ಶಾಸನಗಳ ಪಾಠವು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಅಚ್ಚಾಗಿದೆ. ಮೊದಲು ತಮ್ಮ ಊರಿನ ಶಾಸನವು ಅದರಲ್ಲಿದೆಯೇ ಎಂದು ನೋಡಿಕೊಂಡು, ಕನ್ನಡ ಅಧ್ಯಾಪಕರ ನೆರವಿನಿಂದ ಅದರ ಸಾರವನ್ನು ಸರಳ ಗದ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಅನಂತರ ಮಕ್ಕಳನ್ನು ಐದಾರು ಜನರ ಗುಂಪುಗಳಾಗಿ ಕಲ್ಲಿನ ಬಳಿಗೆ ಕರೆದೊಯ್ಯಬೇಕು. ಒಂದು ಗುಂಪು ಕಲ್ಲಿನ ಎತ್ತರ ಅಗಲಗಳನ್ನು ಅಳೆಯಲಿ; ಇನ್ನೊಂದು ಅದರ ಚಿತ್ರವನ್ನು ಬರೆಯಲಿ; ಮತ್ತೊಂದು ಊರ ಹಿರಿಯರಿಂದ ಅದರ ಬಗೆಗಿನ ಐತಿಹ್ಯವನ್ನು ಕೇಳಿ ತರಲಿ. ಬಳಿಕ ಎಲ್ಲರೂ ಕೂಡಿ ಶಕವರ್ಷ, ಅರಸನ ಹೆಸರು, ದಾನಿ, ದಾನದ ಭೂಮಿ, ಎಲ್ಲೆಗಳು, ಸಾಕ್ಷಿಗಳು ಇವನ್ನು ಒಂದೊಂದಾಗಿ ಗುರುತಿಸಲಿ. ಗದ್ಯಾಣ, ಹಣ, ಮತ್ತರು, ಖಂಡುಗ ಮೊದಲಾದ ಪದಗಳು ಬಂದಾಗ ಗಣಿತವೂ ಭೂಗೋಳವೂ ಇತಿಹಾಸದೊಡನೆ ಸೇರುತ್ತವೆ. ಶಾಸನವಿಲ್ಲದ ಊರಿನಲ್ಲಿ ವೀರಗಲ್ಲಿರಬಹುದು: ಕೆಳಗೆ ಕಾಳಗ, ನಡುವೆ ದೇವಕನ್ಯೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವರ ಸನ್ನಿಧಿ. ಅಕ್ಷರವಿಲ್ಲದೆಯೂ ಓದಬಹುದಾದ ಪಾಠವದು.

ಮಕ್ಕಳು ಕೂಡಿ ಕಲಿಯುವ ಈ ಕ್ರಮವು ಈ ನಾಡಿಗೆ ಹೊಸದಲ್ಲ. ೧೬೨೩ರಲ್ಲಿ ಇಕ್ಕೇರಿಯ ಕಡೆಗೆ ಪಯಣಿಸುತ್ತಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಲ್ಲೆಯು ದಾರಿಯಲ್ಲಿ ದೇವಾಲಯವೊಂದರ ಮುಖಮಂಟಪದಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಿಂದ ಲೆಕ್ಕಗಳನ್ನು ಬರೆಯುತ್ತಿದ್ದುದನ್ನು ಕಂಡನು. ಗುರುವಿಲ್ಲದಾಗ ತಪ್ಪನ್ನು ತಿದ್ದುವವರು ಯಾರೆಂದು ಅವನು ಕೇಳಿದಾಗ, ಒಂದೇ ತೊಡಕು ನಾಲ್ವರನ್ನೂ ಒಮ್ಮೆಗೇ ಕಾಡಲಾರದೆಂದು ಆ ಹುಡುಗರು ಉತ್ತರಿಸಿದರಂತೆ. ಶಾಸನದ ಮುಂದೆ ಗುಂಪಾಗಿ ಕುಳಿತ ಮಕ್ಕಳಿಗೂ ಇದೇ ನೀತಿ ಸಲ್ಲುತ್ತದೆ.

ಒಂದು ಎಚ್ಚರ ಅತ್ಯಾವಶ್ಯಕ. ಅಕ್ಷರ ಕಾಣಲೆಂದು ಕಲ್ಲಿಗೆ ಎಣ್ಣೆ ಬಳಿಯುವುದು, ಬಣ್ಣ ತುಂಬುವುದು, ಮೊಳೆಯಿಂದ ಕೆರೆಯುವುದು ಸರ್ವಥಾ ಕೂಡದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ, ಇಲ್ಲವೇ ಪಕ್ಕದಿಂದ ಹಿಡಿದ ದೀಪದ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ತೋರುತ್ತದೆ. ಒದ್ದೆ ಕಾಗದವನ್ನು ಒತ್ತಿ ಮಸಿಯ ಪಡಿಯಚ್ಚು ತೆಗೆಯುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು.

ಈ ಎಚ್ಚರವು ಮಕ್ಕಳಿಗಿಂತ ಹಿರಿಯರಿಗೆ ಹೆಚ್ಚು ಅವಶ್ಯವೆಂಬುದನ್ನು ಈ ಸಭೆಯಲ್ಲಿ ಮರೆಮಾಚದೆ ಹೇಳಬೇಕಾಗಿದೆ. ದಾನಶಾಸನಗಳ ಕೊನೆಯಲ್ಲಿ ಈ ಧರ್ಮವನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ, ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವರೆಂಬ ಶಾಪವಾಕ್ಯ ಸಾಮಾನ್ಯ. ಬರೆಸಿದವರು ಅಂಜಿದ್ದು ಲೋಭಿಗಳಿಗೆ, ಶತ್ರುಗಳಿಗೆ. ಇಂದಾದರೋ ಶಾಸನಗಳಿಗೆ ಅಪಾಯ ಬರುತ್ತಿರುವುದು ಬಹುಮಟ್ಟಿಗೆ ಭಕ್ತರ ಕೈಯಿಂದಲೇ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಗೋಡೆಯ ಬರಹದ ಮೇಲೆ ಸಿಮೆಂಟು ಮೆತ್ತುವುದು, ದಪ್ಪನಾದ ಬಣ್ಣ ಬಳಿಯುವುದು, ಯಂತ್ರದಿಂದ ಮರಳನ್ನು ಎರಚಿ ಕಲ್ಲನ್ನು ಉಜ್ಜುವುದು, ನಿಸಿದಿಗಲ್ಲುಗಳನ್ನು ಕಿತ್ತು ಮೆಟ್ಟಿಲಿಗೋ ಚಪ್ಪಡಿಗೋ ಹಾಕುವುದು, ಹಳೆಯ ನೆಲದ ಮೇಲೆ ಹೊಳೆಯುವ ಹೊಸ ಕಲ್ಲನ್ನು ಹಾಸುವುದು, ಇವೆಲ್ಲ ಶ್ರದ್ಧೆಯಿಂದಲೇ ನಡೆಯುತ್ತವೆ. ಆದರೆ ಒಮ್ಮೆ ಅಳಿದ ಅಕ್ಷರ ಮತ್ತೆ ಹುಟ್ಟುವುದಿಲ್ಲ. ಸಾವಿರ ವರ್ಷ ಮಳೆ ಗಾಳಿಗಳನ್ನು ತಡೆದುಕೊಂಡ ಸಾಕ್ಷಿಯು ಒಂದು ಮಧ್ಯಾಹ್ನದ ಕೆಲಸದಲ್ಲಿ ಮೂಕವಾಗುತ್ತದೆ. ಆಮೇಲೆ ಮಕ್ಕಳಿಗೆ ತೋರಿಸಲು ಉಳಿಯುವುದು ನುಣ್ಣನೆಯ ಗೋಡೆ ಮಾತ್ರ.

ಇದನ್ನು ತಡೆಯಲು ದೊಡ್ಡ ವೆಚ್ಚ ಬೇಕಾಗಿಲ್ಲ. ಜೀರ್ಣೋದ್ಧಾರದ ಮೊದಲ ದಿನವೇ ಬಸದಿಯ ಪ್ರತಿಯೊಂದು ಬರಹ, ನಿಸಿದಿಗಲ್ಲು, ಬಿಂಬದ ಪೀಠಲೇಖ ಇವುಗಳ ಛಾಯಾಚಿತ್ರವನ್ನು ತೆಗೆದು, ಇರುವ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ ಪಟ್ಟಿಮಾಡಬೇಕು. ಊರಿನ ಪ್ರೌಢಶಾಲೆಯ ವಿದ್ಯಾರ್ಥಿಗಳೇ ಅಧ್ಯಾಪಕರ ನೇತೃತ್ವದಲ್ಲಿ ಈ ಪಟ್ಟಿಯನ್ನು ಮಾಡಬಲ್ಲರು. ಬಸದಿಯು ೧೯೫೮ರ ಕೇಂದ್ರ ಕಾಯಿದೆಯ ಅಥವಾ ೧೯೬೧ರ ರಾಜ್ಯ ಕಾಯಿದೆಯ ಮೇರೆಗೆ ಸಂರಕ್ಷಿತ ಸ್ಮಾರಕವಾಗಿದ್ದರೆ ಇಲಾಖೆಯ ಅನುಮತಿಯಿಲ್ಲದೆ ಕೈಹಚ್ಚುವಂತಿಲ್ಲ. ಸಂರಕ್ಷಿತವಲ್ಲದಿದ್ದರೂ ತಜ್ಞರ ಸಲಹೆಯನ್ನು ಪಡೆಯುವುದು ವಿವೇಕ. ಕಲ್ಲನ್ನು ಕದಲಿಸಲೇಬೇಕಾದರೆ ಅದು ಮೊದಲು ಎಲ್ಲಿತ್ತೆಂಬುದನ್ನು ಬರೆದಿಡಬೇಕು. ಶಾಸನದ ಪಾಠವನ್ನೂ ಸರಳಗನ್ನಡದ ಸಾರವನ್ನೂ ಒಂದು ಫಲಕದಲ್ಲಿ ಬರೆಸಿ ಪಕ್ಕದಲ್ಲಿ ನಿಲ್ಲಿಸಿ, ಅದರ ಪ್ರತಿಯೊಂದನ್ನು ಊರ ಶಾಲೆಗೆ ಕೊಡಬೇಕು. ಶಾಲೆಯ ಮಕ್ಕಳು ಬಂದ ದಿನ ಬಾಗಿಲು ತೆರೆದು, ಅವರು ಯಾವ ಜಾತಿ ಮತದವರೇ ಆಗಿರಲಿ, ಆದರದಿಂದ ಒಳಗೆ ಕರೆಯಬೇಕು. ಮನೆಗಳ ಅಟ್ಟದ ಮೇಲಿರುವ ಓಲೆಗರಿಯ ಕಟ್ಟುಗಳನ್ನೂ ಕಡತಗಳನ್ನೂ ಹೊಳೆಗೆ ಬಿಡದೆ, ಮಾರದೆ, ಬಲ್ಲವರಿಗೆ ತೋರಿಸಬೇಕು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಿರಿಯರು ಕಾಪಾಡಿಕೊಂಡು ಬಂದ ಓಲೆಗಳಿದ್ದುದರಿಂದಲೇ ಧವಲಾ ಗ್ರಂಥವು ೧೯೩೯ರಿಂದ ಮೊದಲ್ಗೊಂಡು ಅಚ್ಚಿನಲ್ಲಿ ಲೋಕಕ್ಕೆ ದೊರೆಯಿತೆಂಬುದು ಸ್ಮರಣೀಯ.

ಶಾಸನವೆಂಬ ಪದಕ್ಕೆ ಕಲ್ಲಿನ ಬರಹವೆಂಬ ಅರ್ಥವಿರುವಂತೆ ಉಪದೇಶವೆಂಬ ಅರ್ಥವೂ ಇದೆ. ಜೈನ ಶಾಸನಗಳು ಬಹುಧಾ ಜಿನಶಾಸನದ ಸ್ತುತಿಯಿಂದಲೇ ಆರಂಭವಾಗುತ್ತವೆ. ಒಂದು ಶಾಸನವನ್ನು ಕಾಪಾಡುವುದಕ್ಕೂ ಇನ್ನೊಂದು ಶಾಸನವನ್ನು ಪಾಲಿಸುವುದಕ್ಕೂ ವಿರೋಧವಿಲ್ಲವೆಂಬುದನ್ನು ಆ ಪದವೇ ಸಾರುತ್ತಿದೆ.

ನೂತನ ಪ್ರತಿಷ್ಠೆಯ ನೆನಪಿಗಾಗಿ ಇಂದು ಬಸದಿಗಳಲ್ಲಿ ಶಿಲಾಫಲಕಗಳನ್ನು ನಿಲ್ಲಿಸುವುದು ವಾಡಿಕೆ. ಅದೂ ನಾಳಿನ ಶಾಸನವೇ. ಐನೂರು ವರ್ಷಗಳ ಅನಂತರ ಯಾವುದೋ ಶಾಲೆಯ ಬಾಲಕ ಬಾಲಕಿಯರು ಅದರ ಮುಂದೆ ನಿಂತು ಪ್ರಶ್ನೆ ಕೇಳುವರು. ಆದುದರಿಂದ ಅದರಲ್ಲಿ ದಾನಿಗಳ ಹೆಸರೂ ಕೊಟ್ಟ ಮೊತ್ತವೂ ಮಾತ್ರವಲ್ಲದೆ, ಹಳೆಯ ಕಟ್ಟಡದಲ್ಲಿ ಏನಿತ್ತು, ಯಾವುದನ್ನು ಉಳಿಸಲಾಯಿತು, ಯಾವುದನ್ನು ಹೊಸದಾಗಿ ಮಾಡಲಾಯಿತು, ಯಾವ ವರ್ಷದಲ್ಲಿ ಎಂಬ ವಿವರಗಳಿರಲಿ. ಹೊಯ್ಸಳರ ಕಾಲದ ದಾಸೋಜ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳ ಹೆಸರು ಇಂದಿಗೂ ಉಳಿದಿರುವುದು ಅವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದರಿಂದ. ಕಲ್ಲನ್ನು ಕೆತ್ತಿದವರ, ಗೋಡೆಯನ್ನು ಕಟ್ಟಿದವರ ಹೆಸರೂ ಹೊಸ ಫಲಕದಲ್ಲಿ ಬರಲಿ. ಬರಹವು ತಪ್ಪಿಲ್ಲದ, ಸತ್ಯವಾದ ಕನ್ನಡದಲ್ಲಿರಲಿ.

ಮಂಗಳ ಮಹಾ ಶ್ರೀ.